ಮೂರನೆಯ ಸಾಲಿನ ಉಸಿರು

"ಯಾರದು ಸದ್ದು?"

ಕೇಳಿದವಳು ಅವಳೇ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದ ಈ ಕೋಣೆಗೆ ಒಂದರ ಹಿಂದೊಂದು ಎರಡು ಬಾಗಿಲು, ಗೋಡೆಗೂ ಸೂರಿಗೂ ದಪ್ಪ ಸ್ಪಂಜು. ಇಲ್ಲಿ ಆಡಿದ ಮಾತು ತುಟಿ ದಾಟಿದ ಜಾಗದಲ್ಲೇ ಕುಸಿದು ಬೀಳುತ್ತದೆ. ಆದರೂ ಕೇಳಿದ್ದಳು, ಅದೂ ಅಪ್ಪನ ರಾಗದಲ್ಲೇ, 'ಯಾರದು' ಮೆಲ್ಲಗೆ, 'ಸದ್ದು' ಅದಕ್ಕಿಂತ ಮೆಲ್ಲಗೆ. ಅಪ್ಪ ಎಂದೂ ಕೂಗಿದವರಲ್ಲ. ಯಾರ ಮುಖವನ್ನೂ ನೋಡದೆ ಗಾಳಿಯನ್ನು ಕೇಳುತ್ತಿದ್ದರು, ಕನ್ನಡಕ ತೆಗೆದು ಮಡಚಿ ಹಾಳೆಗಳ ಮೇಲಿಡುತ್ತಿದ್ದರು, ಆಮೇಲೆ ಏಳುತ್ತಿದ್ದರು. ಕನ್ನಡಕದ ಕಡ್ಡಿ ಮಡಚಿದ ಆ ಸಣ್ಣ ಸದ್ದಿಗೆ ಮನೆಯವರೆಲ್ಲ ಕೈಯಲ್ಲಿದ್ದುದನ್ನು ಕೆಳಗಿಡುತ್ತಿದ್ದರು. ಅವಳು ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಂಡು, ತೆರೆಯ ಮೇಲಿನ ಅಲೆಯನ್ನು ಸ್ವಲ್ಪ ಹಿಂದಕ್ಕೆಳೆದು ಮತ್ತೆ ಕೇಳಿದಳು. ಅಪ್ಪ ಕೋಟೆಯ ಮುತ್ತಿಗೆಯ ಪದ್ಯವನ್ನು ಹಾಡುತ್ತಿದ್ದರು. ಆರು ಸಾಲಿನ ಪದ್ಯ. ಮೂರನೆಯ ಸಾಲು ಮುಗಿದಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗವೊಂದಿರುತ್ತದೆ. ಆ ಜಾಗದಲ್ಲಿ, ಬಾವಿಯ ತಳದಿಂದ ಬಂದ ಹಾಗೆ, ಏನೋ ಇತ್ತು.

ನಾಡಿನ ಚರಿತ್ರೆ ಮತ್ತು ಸಂಸ್ಕೃತಿಯ ಮೇಲೆ ಅಪ್ಪ ಮಾಡಿದ ಪಾಠಗಳು ಇವು. ಊರೂರಲ್ಲಿ ಕೆಲಸ ಮಾಡಿಕೊಂಡು ಅಂಚೆಯ ಮೂಲಕ ಓದುತ್ತಿದ್ದವರಿಗಾಗಿ ವಿಶ್ವವಿದ್ಯಾಲಯ ಮಾಡಿಸಿದ್ದು. ಆ ಹಳೆಯ ರೀಲುಗಳನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ ಸದ್ದು ತೆಗೆದು ಶುಚಿಮಾಡುವುದು ಈಗ ಅವಳ ಕೆಲಸ. ಕಾಲೇಜಿನಲ್ಲಿ ಗಲಾಟೆ ಎಂದು ಅಪ್ಪ ರೆಕಾರ್ಡಿಂಗ್ ಯಂತ್ರವನ್ನು ಮನೆಗೇ ತರಿಸಿಕೊಂಡಿದ್ದರು. ಸಂಜೆ ಅಪ್ಪ ಮೈಕಿನ ಮುಂದೆ ಕೂತರೆಂದರೆ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಅಮ್ಮ ಒಲೆ ಆರಿಸಿ, ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಸುತ್ತಿ, ಗಡಿಯಾರವನ್ನು ಹಾಸಿಗೆಯ ಸುರುಳಿಯೊಳಗೆ ಹೂತು, ಅಡುಗೆಮನೆಯಲ್ಲಿ ಗೋಡೆಗೊರಗಿ ನಿಲ್ಲುತ್ತಿದ್ದಳು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುವುದು, ಕಣ್ಣಲ್ಲಿ ನೀರು ಬರುವವರೆಗೆ. ಮಗಳಿಗೆ ಮಾತ್ರ ಅಪ್ಪನ ಪಕ್ಕದಲ್ಲಿ, ಮೈಕಿನ ಹತ್ತಿರವೇ ಸ್ಟೂಲು. ಸದ್ದಾಗದ ಹಾಗೆ ಹಾಳೆ ಮಗುಚಿ ಕೊಡುವುದು, ಮಿಕ್ಕ ಹೊತ್ತು ತುಟಿಯ ಮೇಲೆ ಬೆರಳಿಟ್ಟುಕೊಂಡು ಮನೆ ಕಾಯುವುದು ಅವಳ ಕೆಲಸ. "ನನ್ನ ದ್ವಾರಪಾಲಕಿ" ಎನ್ನುತ್ತಿದ್ದರು ಅಪ್ಪ. ಆ ದೊಡ್ಡ ಶಬ್ದವನ್ನು ಅವಳು ಶಾಲೆಯ ದಾರಿಯಲ್ಲಿ ಬಾಯೊಳಗೇ ಚಪ್ಪರಿಸುತ್ತಿದ್ದಳು. ತಮ್ಮನಿಗೆ ಅಪ್ಪ ಇಟ್ಟ ಹೆಸರು ಗದ್ದಲ. ಅವನು ಎಲ್ಲಿ ಕೂತರೂ ಏನಾದರೂ ಬೀಳುತ್ತಿತ್ತು, ನಿಂತರೆ ಚಿಲಕ ಅಲುಗುತ್ತಿತ್ತು, ಮಲಗಿದರೆ ಗೊರಕೆ. ಮೈಮೇಲೆ ಏಟು ಬಿದ್ದಾಗಲೂ ಗದ್ದಲ ಮಾಡುತ್ತಾನೆಂದು ಅದಕ್ಕೆ ಬೇರೆ ಏಟು.

ಅವಳು ಪದ್ಯ ಕೇಳಿ ಬೆಳೆದವಳು. ಅರ್ಥ ತಿಳಿಯುವ ಮುಂಚೆ ಲಯ ಮೈಗೆ ಹತ್ತಿತ್ತು. ಯುದ್ಧದ ಪದ್ಯಗಳೆಂದರೆ ಅಪ್ಪನ ಗಂಟಲಿಗೆ ಜೇನು ಇಳಿಯುತ್ತಿತ್ತು. ರುಂಡಗಳು ಮಾಗಿದ ಹಣ್ಣಿನ ಹಾಗೆ ಉದುರುವಲ್ಲಿ, ಆನೆಯ ಸೊಂಡಿಲು ಕಡಿದು ಬೀಳುವಲ್ಲಿ, ನೆಲ ಕೆಸರಾಗಿ ಕುದುರೆಯ ಗೊರಸು ಹೂತುಕೊಳ್ಳುವಲ್ಲಿ ಅವರ ಕಣ್ಣು ಒದ್ದೆಯಾಗುತ್ತಿತ್ತು. ಮೂರು ನಾಲ್ಕು, ಮೂರು ನಾಲ್ಕು ಎಂದು ಬೆರಳು ಮೇಜಿನ ಅಂಚಿನಲ್ಲಿ ಮಾತ್ರೆ ಎಣಿಸುತ್ತಿತ್ತು. ಅದೇ ಕೈ ತಮ್ಮನ ಬೆನ್ನಿನ ಮೇಲೆ ಬೀಳುವಾಗಲೂ ಮಾತ್ರೆ ತಪ್ಪುತ್ತಿರಲಿಲ್ಲ. ಮೂರು ಚಿಕ್ಕ ಏಟು, ಸ್ವಲ್ಪ ತಡೆದು ನಾಲ್ಕು. ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತ ಅವಳಿಗೆ, ದೇವರೇ, ಆ ಲಯ ಚೆನ್ನಾಗಿದೆ ಅನ್ನಿಸಿದ್ದುಂಟು. ಹಾಗೆ ಅನ್ನಿಸಿದ್ದಕ್ಕೆ ರಾತ್ರಿ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿಕೊಳ್ಳುತ್ತಿದ್ದಳು. ಈಗಲೂ ಕೇಳಿಕೊಳ್ಳುತ್ತಾಳೆ, ಯಾವುದಕ್ಕೆಂದು ಒಂದೊಂದು ರಾತ್ರಿ ಮರೆತೇ ಹೋಗಿರುತ್ತದೆ. ಇವತ್ತು ಬೆಳಿಗ್ಗೆ ಅಟೆಂಡರ್ ಮುದುಕ ಬಾಗಿಲ ಬಳಿ ಬೀಗದ ಗೊಂಚಲು ಕೆಡವಿದಾಗ ಇವಳ ಬಲಗೈ ತಾನಾಗಿಯೇ ಕಿವಿಯ ಎತ್ತರಕ್ಕೆ ಎದ್ದು ನಿಂತಿತ್ತು. ಅವನು ಬಗ್ಗಿದವನು ಬಗ್ಗಿದ ಹಾಗೇ ನಕ್ಕ. "ಏನ್ ಮೇಡಂ, ಹೊಡೆದೇಬಿಡ್ತೀರಾ? ಪಿಂಚಣಿ ಬರೋವರೆಗಾದ್ರೂ ಬಿಡಿ." ಅವಳೂ ನಕ್ಕಳು. ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡಳು. ಆದರೆ ಅಂಗೈ ಉರಿಯುತ್ತಲೇ ಇತ್ತು, ನಿಜಕ್ಕೂ ಹೊಡೆದು ಬಂದ ಹಾಗೆ.

ಒಳಬಾಗಿಲು ತೆರೆಯಿತು. ವಿಭಾಗದ ಮುಖ್ಯಸ್ಥರು. ಅಪ್ಪನ ಶಿಷ್ಯ, ಅಪ್ಪನ ಹಾಗೆಯೇ ತಲೆ ಒಂದು ಪಕ್ಕಕ್ಕೆ ವಾಲಿಸಿ ಮಾತಾಡುವುದನ್ನು ಕಲಿತವರು.

"ಏನ್ ಮೇಡಂ, ಮೇಷ್ಟ್ರ ಸ್ನಾನ ಮುಗೀತಾ?"

"ಕಡೇ ಪಾಠ ಸರ್. ಮುತ್ತಿಗೆ."

"ಆಹಾ." ಅವರು ಅವಳ ಹೆಡ್‌ಫೋನನ್ನು ತಾವೇ ಎತ್ತಿ ಒಂದು ಕಿವಿಗೆ ಹಿಡಿದರು, ಅವಳನ್ನು ಕೇಳದೆಯೇ, ಸ್ವಂತ ಮನೆಯ ಪಾತ್ರೆ ಎತ್ತಿಕೊಂಡ ಹಾಗೆ. "ಏನು ಕಂಠ ರೀ! ಇಡೀ ನಾಡಿನ ಮೃದುತ್ವವೆಲ್ಲ ಈ ಕಂಠದಲ್ಲಿದೆ. 'ಇಲ್ಲಿಯ ಜನ ಕೊಡಲಿ ಎತ್ತುವ ಮುಂಚೆಯೂ ಮರದ ಒಪ್ಪಿಗೆ ಕೇಳುವವರು' ಅಂತಾರಲ್ಲ ಮೊದಲನೇ ಪಾಠದಲ್ಲಿ, ಅದನ್ನೇ ನಾಳಿನ ಬಿಡುಗಡೆಯ ಆಹ್ವಾನದ ಮೇಲೆ ಹಾಕಿಸಿದ್ದೀನಿ." ತಟ್ಟನೆ ಹುಬ್ಬು ಗಂಟಾಯಿತು. "ಇಲ್ಲೇನೋ ಇಲಿ ಕಿಚ್ ಅಂದ ಹಾಗಿದೆಯಲ್ಲ?"

"ಇಲಿ ಅಲ್ಲ ಸರ್."

"ಏನಾದ್ರೂ ಆಗಲಿ, ತೆಗೆದುಹಾಕಿ. ಸಂಜೆ ಒಳಗೆ ನನಗೆ ಬೇಕು. ರೀಲಂತೂ ಪುಡಿ ಉದುರ್ತಾ ಇದೆ, ಇನ್ನೊಂದು ಸಲ ಓಡಿಸೋ ಹಾಗಿಲ್ಲ. ನಿಮ್ಮ ಕಂಪ್ಯೂಟರಲ್ಲಿ ಏನಿದೆಯೋ ಅದೇ ಇನ್ನು ಮೇಷ್ಟ್ರು." ಬಾಗಿಲ ಬಳಿ ನಿಂತು ಅಂದರು, "ಬೇರೆ ಯಾರಾದ್ರೂ ಆಗಿದ್ರೆ ಯೋಚನೆ ಮಾಡ್ತಿದ್ದೆ. ನೀವು ಮಗಳು. ಮೇಷ್ಟ್ರಿಗೆ ಏನು ಶೋಭೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮೇಜಿನ ಮೇಲೆ ಖಾಲಿ ರೀಲಿನ ಲೋಹದ ಚಕ್ರ ಬಿದ್ದಿತ್ತು. ಅದರ ಅಂಚು ಆ ವಾಲಿದ ತಲೆಯ ಬೋಳಿಗೆ, ಸರಿಯಾಗಿ ನೆತ್ತಿಯ ಗೆರೆಗೆ ಹೇಗೆ ಕೂರುತ್ತದೆ, ಚರ್ಮ ಹೇಗೆ ಬಿಳಿಚಿ ಆಮೇಲೆ ಹೇಗೆ ಕೆಂಪಾಗುತ್ತದೆ, ಅಷ್ಟನ್ನೂ ಅವಳು ನೋಡಿದಳು. "ಆಗಲಿ ಸರ್" ಅಂದಳು.

ತಪ್ಪೇನು ಎಂದು ಅವಳಿಗೆ ಆಗಲೇ ಹೊಳೆದಿತ್ತು. ಟೇಪಿನ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ: ರೀಲು ಸುತ್ತಿಕೊಂಡು ಮಲಗಿದಾಗ ಒಂದು ಸುತ್ತಿನ ಜೋರು ಸದ್ದು ಪಕ್ಕದ ಸುತ್ತಿಗೆ ಸೋರುತ್ತದೆ, ಒದ್ದೆ ಸೀರೆಯ ಬಣ್ಣ ಮಡಿಕೆಯಿಂದ ಮಡಿಕೆಗೆ ಇಳಿಯುವ ಹಾಗೆ. ಆದ್ದರಿಂದ ಹಳೆಯ ಟೇಪುಗಳಲ್ಲಿ ಕೂಗಿಗೆ ಒಂದು ಗಳಿಗೆ ಮುಂಚೆ ಕೂಗಿನ ನೆರಳು ಕೇಳುತ್ತದೆ. ಕೆಲಸ ಕಲಿಸಿದವರು ಇದನ್ನು ದೊಡ್ಡ ವಿಚಿತ್ರ ಎಂಬಂತೆ ತೋರಿಸಿದಾಗ ಅವಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಏಟಿಗೆ ಮುಂಚೆ ಏಟು ಕೇಳಿಸಿಕೊಳ್ಳುವುದು ಅವಳ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಆದರೆ ಇಲ್ಲಿ ನೆರಳು ಮಾತ್ರ ಇತ್ತು, ಹಿಂದೆ ಬರಬೇಕಾದ ಕೂಗು ಇರಲಿಲ್ಲ. ನಾಲ್ಕನೆಯ ಸಾಲು ತೊಳೆದಿಟ್ಟ ತಟ್ಟೆಯಂತೆ ಶುರುವಾಗುತ್ತಿತ್ತು. ಅಂದರೆ ಅಪ್ಪ ಇಲ್ಲಿ ನಿಲ್ಲಿಸಿದ್ದಾರೆ. ರೀಲು ರಾತ್ರಿಯೆಲ್ಲ ಹಾಗೇ ಸುತ್ತಿಕೊಂಡು ಮಲಗಿದೆ. ಮರುದಿನ ಅಪ್ಪ ಕೆಟ್ಟ ಭಾಗದ ಮೇಲೆ ನಾಲ್ಕನೆಯ ಸಾಲನ್ನು ಹೊಸದಾಗಿ ಹಾಡಿ ಅದನ್ನು ಅಳಿಸಿದ್ದಾರೆ. ಸೋರಿ ಹಿಂದಿನ ಸುತ್ತಿಗೆ ಹೋದದ್ದನ್ನು ಅಳಿಸಲು ಅವರಿಗೆ ತಿಳಿದಿರಲಿಲ್ಲ. ಮುತ್ತಿಗೆಯ ಪದ್ಯ, ಮೂರನೆಯ ಸಾಲು. ಯಾವ ಸಂಜೆ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆ ಸಂಜೆಯನ್ನು ಅವಳು ಇಷ್ಟು ವರ್ಷ ಒಪ್ಪವಾಗಿ ಮಡಿಸಿ ಇಟ್ಟುಕೊಂಡಿದ್ದಳು. ಅದರಲ್ಲಿ ಮೊದಲು ಲೋಟ ಬೀಳುತ್ತದೆ. ತಮ್ಮ ಬಾಯಾರಿ ಅಡುಗೆಮನೆಯಿಂದ ಲೋಟ ಹಿಡಿದು ಬಂದು ಹೊಸ್ತಿಲ ಮೇಲೆ ನಿಂತಿದ್ದಾನೆ, ಪದ್ಯಕ್ಕೆ ಬಾಯಿ ತೆರೆದಿದ್ದಾನೆ, ಲೋಟ ಜಾರುತ್ತದೆ. ಆಮೇಲೆ ಅಪ್ಪನ ಪ್ರಶ್ನೆ. ಆಮೇಲೆ ಮೌನ, ಉದ್ದನೆಯ ಮೌನ. ಅದರಲ್ಲಿ ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ತಮ್ಮ ತಾನಾಗಿಯೇ ಮುಂದೆ ಬಂದಿದ್ದಾನೆ. ಆಮೇಲೆ ಅಪ್ಪನ ಕೈ. ಆ ಸಲ ಮೂರೂ ಇಲ್ಲ, ನಾಲ್ಕೂ ಇಲ್ಲ. ಒಂದೇ ಒಂದು, ಎಡಗಿವಿಯ ಮೇಲೆ, ಅಂಗೈ ಬಟ್ಟಲು ಮಾಡಿಕೊಂಡು. ಒದ್ದೆ ಚೀಲ ಒಡೆದಂಥ ಸದ್ದು. ಹುಡುಗ ಬಾಗಿಲಿನ ಚೌಕಟ್ಟಿಗೆ ಬಡಿದು ಕೂತ. ಅಳಲಿಲ್ಲ. ಗದ್ದಲ ಮಾಡದೇ ಇದ್ದದ್ದು ಅದೇ ಮೊದಲು. ಕಿವಿಯಿಂದ ಇಳಿದದ್ದು ಕುತ್ತಿಗೆಯ ಗುಂಡಿಯಲ್ಲಿ ನಿಂತು, ತುಂಬಿ, ಅಂಗಿಗೆ ಹರಿಯಿತು. ಅಮ್ಮ ಅವನನ್ನು ಎತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದಳು. ಅಪ್ಪ ಯಂತ್ರ ಆರಿಸಿ, ಕರವಸ್ತ್ರದಿಂದ ಕೈ ಒರೆಸಿಕೊಂಡು, "ಇವತ್ತಿಗೆ ಸಾಕು, ಹಾಳೆ ಜೋಡಿಸಿಡು" ಅಂದರು. ಅವಳು ಜೋಡಿಸಿಟ್ಟಳು. ಮರುದಿನ ಅಪ್ಪ ಅದೇ ಶ್ರುತಿಯಲ್ಲಿ, ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ, ನಾಲ್ಕನೆಯ ಸಾಲಿನಿಂದ ಮುಂದುವರಿಸಿದರು. ಅವಳು ಹಾಳೆ ಮಗುಚಿದಳು.

ಅವಳು ಆ ಉಸಿರಿನ ಜಾಗವನ್ನಷ್ಟೇ ಬೇರೆ ತೆಗೆದು, ಧ್ವನಿಯನ್ನು ಏರಿಸಿದಳು. ಮರಳು ಸುರಿದಂತೆ ಬರೀ ಹಿನ್ನೆಲೆಯ ಸದ್ದು. ಇನ್ನೂ ಏರಿಸಿದಳು. ಠಣ್ ಎಂದು ಲೋಟ. ಅದರ ಬೆನ್ನಿಗೇ, ಲೋಟ ಉರುಳಿ ನಿಲ್ಲುವ ಮುಂಚೆಯೇ, ಒಂದು ಹುಡುಗಿಯ ಧ್ವನಿ: "ಇವನೇ ಅಪ್ಪಾ!"

ನಡುವೆ ಅಪ್ಪನ ಪ್ರಶ್ನೆ ತೂರಿಸಲು ಸೂಜಿಯಷ್ಟು ಜಾಗವಿರಲಿಲ್ಲ. ಅಪ್ಪ ಕೇಳಿಯೇ ಇರಲಿಲ್ಲ. ಅವಳು ಮತ್ತೆ ಹಾಕಿದಳು, ಮತ್ತೆ ಹಾಕಿದಳು. ಭಯಪಟ್ಟ ಧ್ವನಿಯಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಭಯ ಇರಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೊಳೆದ ಹುಡುಗಿಯ ಧ್ವನಿ ಅದು, ಬೆಂಚಿನಿಂದ ಅರ್ಧ ಎದ್ದು, ಕೈ ಚಾಚಿ. ಆ ಧ್ವನಿಯಲ್ಲಿ ನಗು ಇತ್ತು. ಅವಳ ಕೈ ಮೇಜಿನ ಡ್ರಾಯರಿನ ಬಾಯಲ್ಲಿತ್ತು. ಇನ್ನೊಂದು ಕೈ ಡ್ರಾಯರನ್ನು ನೂಕಿತು, ಜೋರಾಗಿ. ಬೆರಳ ಗೆಣ್ಣು ಬಿಳಿಯಾಯಿತು. ನೋವು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ನೋವೂ ಸಾಲದಾಗಿತ್ತು. ಒಂದು ಗುಂಡಿ ಒತ್ತಿದರೆ ಇದು ಲೋಕದಲ್ಲೇ ಇರುವುದಿಲ್ಲ. ಸಂಜೆಗೆ ಮುಖ್ಯಸ್ಥರ ಕೈಗೆ ಶುಭ್ರವಾದ ಮೇಷ್ಟ್ರು, ಮಗಳಿಗೆ ಅವಳ ಮಡಿಸಿಟ್ಟ ಸಂಜೆ ವಾಪಸು. ಆದರೆ ಅದಕ್ಕೆ ಮುಂಚೆ ತಮ್ಮ ಒಂದು ಸಲ ಕೇಳಬೇಕು. ಅವನು ಬೈಯಲಿ, ಉಗಿಯಲಿ. ಇಡು ಅಂದರೆ ಇಡುವುದು, ಅಳಿಸು ಅಂದರೆ ಅಳಿಸುವುದು. ಅವನು ಕೇಳದೆ ಆ ಗುಂಡಿಯ ಮೇಲೆ ಬೆರಳಿಡುವುದು ಅವಳಿಂದ ಸಾಧ್ಯವಿರಲಿಲ್ಲ. ಅಷ್ಟನ್ನೇ ಫೋನಿಗೆ ಇಳಿಸಿಕೊಂಡು, ಬಾತ ಬೆರಳಿಗೆ ಕರವಸ್ತ್ರ ಸುತ್ತಿ, ಊಟದ ಬಿಡುವಿನಲ್ಲಿ ಅವಳು ಬಸ್ಸು ಹತ್ತಿದಳು.

ತಮ್ಮನದು ಮುಖ್ಯರಸ್ತೆಯ ಹಿಂದಿನ ಟಿಂಕರಿಂಗ್ ಶೆಡ್ಡು. ಗುದ್ದಿಸಿಕೊಂಡು ನಜ್ಜುಗುಜ್ಜಾಗಿ ಬಂದ ಕಾರುಗಳ ತಗಡನ್ನು ಒಳಗಿನಿಂದ ಬಡಿದು ಬಡಿದು ಮೊದಲಿನ ಹಾಗೆ ಉಬ್ಬಿಸುವುದು ಅವನ ಕೆಲಸ. ಮನೆಯಲ್ಲೂ ಅವನಿಗೆ ಟಿವಿ, ರೇಡಿಯೋ, ಮಿಕ್ಸಿ ಎಲ್ಲವೂ ಒಟ್ಟಿಗೆ ಓಡುತ್ತಿರಬೇಕು; ಸದ್ದು ನಿಂತರೆ ನಿದ್ದೆಯಿಂದ ಎದ್ದು ಕೂರುತ್ತಾನೆಂದು ಅವನ ಹೆಂಡತಿ ನಗುತ್ತ ದೂರುತ್ತಾಳೆ. ಇವಳು ಬೀದಿಯ ತಿರುವಿನಲ್ಲಿರುವಾಗಲೇ ಸುತ್ತಿಗೆಯ ಪೆಟ್ಟು ಕೇಳಿಸಿತು. ಮೂರು, ನಾಲ್ಕು. ಮೂರು, ನಾಲ್ಕು. ಅವಳ ಕಾಲು ಅಲ್ಲೇ ನಿಂತಿತು. ಪ್ರತಿ ಪೆಟ್ಟೂ ಬೀಳುವ ಮುಂಚೆ ಅವಳ ಹಲ್ಲುಗಳ ನಡುವೆ ಒಂದು ಸಲ ಬಿದ್ದು, ಆಮೇಲೆ ತಗಡಿನ ಮೇಲೆ ಬೀಳುತ್ತಿತ್ತು. ಅವನು ಪದ್ಯ ಮರೆತಿದ್ದಾನೆಂದು ತಿಳಿದಿದ್ದಳು. ಕೈ ಮರೆತಿರಲಿಲ್ಲ. ಒಳಗೆ ಹೋದಾಗ ಅವನು ಕಳಚಿಟ್ಟ ಬಾಗಿಲೊಂದರ ಮೇಲೆ ಮಂಡಿಯೂರಿ ಕೂತಿದ್ದ, ತೋಳಿನ ನರ ಹಗ್ಗದಂತೆ ಎದ್ದಿತ್ತು, ಮುಖದಲ್ಲಿ ಅಪ್ಪ ಇದ್ದರು. ಮುತ್ತಿಗೆಯ ಪದ್ಯ ಹಾಡುವಾಗಿನ ಒದ್ದೆ ಕಣ್ಣಿನ ಅಪ್ಪ. ಅವಳನ್ನು ಕಂಡೊಡನೆ ಅಪ್ಪ ಹೊರಟುಹೋದರು.

"ಓಹೋ, ಮೇಡಮ್ಮೋರು! ಏನಕ್ಕಾ, ಯಾರಿಗೆ ಗುದ್ದಿಸ್ಕೊಂಡು ಬಂದೆ?" ಬೆರಳಿನ ಕಡೆ ಗದ್ದ ತೋರಿಸಿದ.

"ಡ್ರಾಯರು."

"ಡ್ರಾಯರಿಗೇನೂ ಆಗಿಲ್ವಷ್ಟೇ?" ಅವನೇ ಜೋರಾಗಿ ನಕ್ಕು ಸ್ಟೂಲನ್ನು ಕಾಲಲ್ಲಿ ಅವಳತ್ತ ನೂಕಿದ. ಎಂದಿನಂತೆ ಬಲಗಿವಿ ಅವಳ ಕಡೆಗಿರುವ ಹಾಗೆ ತಿರುಗಿ ಕೂತ.

"ಅಪ್ಪನ ಪಾಠ ನಾಳೆ ಹೊರಗೆ ಬಿಡ್ತಾರೆ. ಎಲ್ಲರೂ ಕೇಳೋ ಹಾಗೆ."

"ಬಿಡಲಿ ಬಿಡು. ಲೋಕ ಉದ್ಧಾರ ಆಗುತ್ತೆ."

"ಅದ್ರಲ್ಲೊಂದು ಚೂರು ನೀನು ಕೇಳಬೇಕು. ಆ ಲೋಟದ ಸಂಜೆದು."

ಅವನ ಮುಖದಲ್ಲಿ ಏನೂ ಅಲುಗಲಿಲ್ಲ. ಅವಳು ಚಾಚಿದ ಇಯರ್‌ಫೋನನ್ನು ಎಣ್ಣೆಕೈಯಲ್ಲೇ ತೆಗೆದುಕೊಂಡು, ಉಫ್ ಎಂದು ಊದಿ, ಎಡಗಿವಿಗೆ ಸಿಕ್ಕಿಸಿಕೊಂಡ. ಕಣ್ಣು ಮುಚ್ಚಿ, ಸಂಗೀತ ಬಲ್ಲವನಂತೆ ತಲೆಯಾಡಿಸಿದ. "ಭಾಳ ಚೆನ್ನಾಗಿದೆ ಕಣಕ್ಕ. ಅಪ್ಪನ್ನ ಕೇಳೋದಕ್ಕೆ ಇದೇ ಕಿವಿ ಸರಿ."

"ಹುಡುಗಾಟ ಬೇಡ. ಆ ಕಡೆಗೆ ಹಾಕ್ಕೋ."

"ಯಾಕೆ?"

ಹೇಳಬೇಕಾಯಿತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಅಡ್ಡಾದಿಡ್ಡಿಯಾಯಿತು. ರೀಲು, ಸುತ್ತು, ಸೋರಿಕೆ ಎಂದು ಏನೇನೋ ಅಂದಳು. ಕಡೆಗೆ ಅಂದಳು, "ಅದ್ರಲ್ಲಿ ನನ್ನ ಧ್ವನಿ ಇದೆ. ಅಪ್ಪ ಕೇಳೋ ಮುಂಚೆನೇ ನಾನು..."

"'ಇವನೇ ಅಪ್ಪಾ,'" ಅಂದ ತಮ್ಮ.

ಸಣ್ಣ ಹುಡುಗಿಯ ಧ್ವನಿಯಲ್ಲಿ ಅಂದ. ಈ ಎಣ್ಣೆ ಮೆತ್ತಿದ, ನರೆತ ಗಡ್ಡದ ಗಂಡಸಿನ ಬಾಯಿಂದ ಅದು ಅದೇ ಏರಿಳಿತದಲ್ಲಿ ಬಂತು. ಕೊನೆಯ 'ಪಾ' ಮೇಲೆ ಅದೇ ನಗು. ಅವಳು ಬೆಳಿಗ್ಗೆಯಿಂದ ಯಂತ್ರ ಹಾಕಿ ಏರಿಸಿ ಹಿಡಿದದ್ದು ಇವನ ನಾಲಿಗೆಯ ತುದಿಯಲ್ಲಿತ್ತು.

"ಗೊತ್ತಿತ್ತಾ?"

"ಗೊತ್ತಿಲ್ಲದೆ?" ಇಯರ್‌ಫೋನನ್ನು ತೆಗೆದು, ತಂತಿಯನ್ನು ನೀಟಾಗಿ ಸುತ್ತಿ ಅವಳ ಮಡಿಲಿಗಿಟ್ಟ. "ಈ ಕಿವಿಗೆ ಕಡೇದಾಗಿ ಬಿದ್ದ ಮಾತೇ ಅದು. ಆಮೇಲೆ ಇದಕ್ಕೆ ಇನ್ನೇನೂ ಬಿದ್ದಿಲ್ಲ. ಅದಕ್ಕೇ ಅಲ್ಲೇ ಕೂತಿದೆ. ಸುತ್ತ ಸದ್ದಿಲ್ಲದಿದ್ರೆ ಶುರು ಮಾಡ್ಕೊಳುತ್ತೆ." ಕಾರಿನ ಬಾಗಿಲಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ. "ಅಪ್ಪ ಹೊಡೆದ, ಸತ್ತ. ಅವನ ಏಟು ಅವತ್ತೇ ವಾಸಿಯಾಯ್ತು ಅಂದ್ಕೋ. ನೋವಿದ್ದಿದ್ದು ಚರ್ಮಕ್ಕೆ."

"ಇಷ್ಟು ವರ್ಷ ಒಂದು ಮಾತು ಅನ್ನಲಿಲ್ಲ ನೀನು. ರಾಖಿಗೂ ಬಂದೆ, ಹಬ್ಬಕ್ಕೂ ಬಂದೆ, ಬರೀ ಅಕ್ಕಾ ಅಕ್ಕಾ ಅಂತ..."

"ಏನನ್ನಬೇಕಿತ್ತು? ನೀನೂ ಚಿಕ್ಕೋಳು."

ಅದನ್ನು ಅವನು ಮೃದುವಾಗಿಯೇ ಅಂದ. ಅವಳಿಗೆ ಆ ಮೃದುತ್ವ ಅಪ್ಪನ ಮೊದಲ ಪಾಠದ ಆ ವಾಕ್ಯದಂತೆ ಕೇಳಿಸಿತು. ಕೊಡಲಿಯ ಮುಂಚಿನ ಒಪ್ಪಿಗೆಯಂತೆ. ಮಡಿಲಲ್ಲಿ ಫೋನು ನಡುಗಿತು, ಮುಖ್ಯಸ್ಥರು. ನಡುಗಿ ನಡುಗಿ ನಿಂತಿತು.

"ಅಳಿಸಲಾ, ಇಟ್ಟಿರಲಾ? ನೀನು ಹೇಳು. ಹೇಳಿದ ಹಾಗೆ ಮಾಡ್ತೀನಿ."

"ಅದನ್ನ ನನ್ನ ತಲೆ ಮೇಲೆ ಯಾಕೆ ಹಾಕ್ತೀಯ? ನಿಂದು ಕಣಕ್ಕ ಆ ಧ್ವನಿ."

ಅವನು ಸುತ್ತಿಗೆ ಎತ್ತಿಕೊಳ್ಳಲು ಬಗ್ಗಿದ. ಅವಳು ಸ್ಟೂಲಿನಿಂದ ಇಳಿದು ಮಂಡಿಯೂರಿ ಅವನ ಮಣಿಕಟ್ಟು ಹಿಡಿದುಕೊಂಡಳು. ದಪ್ಪ ಕೈ, ಅಪ್ಪನದೇ ಕೈ, ಬೆರಳ ಬುಡದ ಅಗಲವೂ ಅದೇ. ಅದನ್ನು ಬಿಚ್ಚಿ, ಅಂಗೈಯನ್ನು ತನ್ನ ಎಡಗಿವಿಗೆ ತಂದು ಒತ್ತಿಕೊಂಡಳು. ಒಳಗೆ ಕಡಲಿನಂತೆ ರಕ್ತದ ಮೊರೆತ. ಸೆರಗು ಜಾರಿದ್ದು, ಹೊರಗೆ ಗಿರಾಕಿಯೊಬ್ಬ ಬಂದು ನಿಂತು ನೋಡುತ್ತಿದ್ದುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಂದಳು, "ಒಂದು. ಒಂದೇ ಒಂದು ಹೊಡಿ. ಬಲವಾಗಿ. ಅವತ್ತಿನ ಹಾಗೆ."

"ಅಕ್ಕಾ, ಏಳು ಮೇಲೆ. ಜನ ನೋಡ್ತಿದ್ದಾರೆ."

"ನೋಡಲಿ. ಹೊಡಿ. ನಿಂಗೆ ಕೈ ಮುಗಿದು ಕೇಳ್ಕೋತೀನಿ, ಒಂದು ಹೊಡಿ."

ಕೈಯಲ್ಲಿ ಬಲ ತುಂಬಿಕೊಂಡದ್ದು ಅವಳ ಕೆನ್ನೆಗೆ ತಿಳಿಯಿತು. ಬೆರಳು ಬಾಗಿತು, ಅಂಗೈ ಬಟ್ಟಲಾಯಿತು; ಅದಾಗಲೇ ಅವಳ ಕಿವಿಯೊಳಗೆ, ಒಂದು ಗಳಿಗೆ ಮುಂಚೆ, ಆ ಏಟು ಬಿದ್ದಿತ್ತು. ಅವಳು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು, ನಾಲ್ಕನೆಯ ಸಾಲಿಗೆ ಕಾದ ಹಾಗೆ.

ಕೈ ಕಿವಿಯಿಂದ ಸರಿಯಿತು. ಅವಳು ಕಣ್ಣು ತೆರೆದಾಗ ಅವನು ಎದ್ದು ನಿಂತು, ಅಂಗೈಯನ್ನು ಚಿಂದಿ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ. ಬಲಗಿವಿಯನ್ನು ಸದಾ ಅವಳತ್ತ ಕೊಡುತ್ತಿದ್ದವನು ಈಗ ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ತಿರುಗಿದ. ಏನೂ ಕೇಳಿಸದ ಎಡಗಿವಿ ಅವಳ ಕಡೆ ಬಂತು.

"ಹೊಡೆಯಲ್ಲ," ಅಂದ.